ಒಂದು ಕಲ್ಲಿಗೆ ಎಷ್ಟು ಟ್ಯಾಗ್?

ಸಿರುಗುಪ್ಪ ಕಡೆಯ ಹಳ್ಳಿಯಲ್ಲಿ ಬೆಳೆದ ನನಗೆ ರಾಜರಿಗಿಂತ ಕೆರೆ ಮುಖ್ಯ. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತಲ್ಲ, ಹಾಗಾಗಿ ಕುರುಗೋಡಿನ ಶಾಸನಗಳು ಸಿಗೋದು 1939ರ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಒಂಬತ್ತನೇ ಸಂಪುಟದಲ್ಲಿ. ಜೋಡಿಸಿರೋದು ರಾಜವಂಶದ ಪ್ರಕಾರ. ಕುರುಗೋಡು, ಕೆರೆ, ಹನ್ನೆರಡನೇ ಶತಮಾನ ಅಂತ ಮೂರನ್ನೂ ಕೂಡಿಸಿ ಕೇಳುವಂತಿಲ್ಲ, ಪುಟ ತಿರುವಬೇಕು.

ಸೋಜಿಗ ಅಂದ್ರೆ, ಅದೇ ಮದ್ರಾಸಿನಲ್ಲಿ ಲೈಬ್ರೇರಿಯನ್ ಆಗಿದ್ದ ಎಸ್.ಆರ್. ರಂಗನಾಥನ್ 1933ರಲ್ಲೇ ‘ಕೋಲನ್ ಕ್ಲಾಸಿಫಿಕೇಶನ್’ ತಂದಿದ್ದರು. ಪುಸ್ತಕಕ್ಕೆ ಒಂದೇ ಖಾನೆ ಯಾಕೆ? ವಿಷಯವನ್ನು ಬಿಡಿಸಿ, ತುಂಡುಗಳನ್ನು ಕೋಲನ್ ಚಿಹ್ನೆಯಿಂದ ಜೋಡಿಸಿದರಾಯ್ತು. ಲಂಡನ್ನಿನ ಅಂಗಡಿಯಲ್ಲಿ ಮೆಕ್ಯಾನೊ ಆಟಿಕೆ ನೋಡಿ ಹೊಳೆದದ್ದಂತೆ! ನಾವು ಆಫೀಸಲ್ಲಿ ಬರೆಯೋ ಫಿಲ್ಟರ್‌ಗಳ ಅಜ್ಜ ಇದು.

ಈಗ ಎಕ್ಸೆಲ್‌ನಲ್ಲಿ ಪ್ರತಿ ಕಲ್ಲಿಗೂ ಊರು, ಕಾಲ, ದಾನ, ರಾಜ ಅಂತ ಟ್ಯಾಗ್ ಹಾಕ್ತಿದೀನಿ. ರಾಜನ ಕಾಲಮ್ಮು ಕೊನೇದು.