ಗೋಡೆ ಅಲುಗದಿದ್ದರೂ ಬದಲಾಗುವ ಕಟ್ಟಡ

ಆಳಂದ, ಅಫಜಲಪುರ ಅಥವಾ ಜೇವರ್ಗಿಯ ಪೇಟೆಯಲ್ಲಿ ನಿಮ್ಮದೊಂದು ಮನೆ ಇದೆ ಎಂದುಕೊಳ್ಳಿ. ಮಹಡಿಯ ಕೋಣೆ ಖಾಲಿ ಬಿದ್ದಿದೆ. ತೊಗರಿ ರಾಶಿಯಾದ ಮೇಲೆ ಅದನ್ನು ಒಬ್ಬ ವ್ಯಾಪಾರಿಗೆ ಗೋದಾಮಾಗಿ ಬಾಡಿಗೆಗೆ ಕೊಡುತ್ತೀರಿ. ಒಂದು ಇಟ್ಟಿಗೆಯನ್ನೂ ಸರಿಸಿಲ್ಲ, ಸುಣ್ಣವನ್ನೂ ಬಳಿದಿಲ್ಲ. ಇದಕ್ಕೂ ಅನುಮತಿ ಬೇಕೇ? ನಗರ ಯೋಜನೆಯ ವ್ಯಾಪ್ತಿಗೆ ಸೇರಿದ ಪ್ರದೇಶವಾದರೆ, ಬೇಕು.

ಈ ವಿಚಾರದ ಮೂಲ ದೂರದಲ್ಲಿದೆ. ಇಂಗ್ಲೆಂಡಿನ ಹಳೆಯ ಕಟ್ಟಡ ನಿಯಮಗಳು ಮುಖ್ಯವಾಗಿ ಗೋಡೆ, ಚರಂಡಿ, ಗಾಳಿ-ಬೆಳಕನ್ನು ನೋಡುತ್ತಿದ್ದವು. 1947ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ 'ಅಭಿವೃದ್ಧಿ' ಎಂಬ ಪದಕ್ಕೆ ಎರಡು ಅರ್ಥ ಕೊಟ್ಟಿತು: ಕಟ್ಟುವುದು ಒಂದು, ಇರುವ ಕಟ್ಟಡದ ಬಳಕೆಯನ್ನು ಗಣನೀಯವಾಗಿ ಬದಲಿಸುವುದು ಇನ್ನೊಂದು. ಈ ಎರಡನೆಯ ಅರ್ಥವೇ ನಿಮ್ಮ ಮಹಡಿಯನ್ನು ತಲುಪಿದೆ.

ಹೇಗೆಂದರೆ, ಕಲಬುರಗಿ ಜಿಲ್ಲೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಹೊಸ ಮೈಸೂರು ರಾಜ್ಯದ ಒಂದೊಂದು ಭಾಗಕ್ಕೆ ಒಂದೊಂದು ಹಳೆಯ ಕಾನೂನು: ಮುಂಬಯಿ ಭಾಗಕ್ಕೆ 1954ರದು, ಮದರಾಸು ಭಾಗಕ್ಕೆ 1920ರದು. ಇಡೀ ರಾಜ್ಯಕ್ಕೆ ಒಂದೇ ಕಾನೂನು ಬೇಕೆಂದು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ ರೂಪುಗೊಂಡಿತು. ಹೆಸರಿನಲ್ಲಿ 1961, ಕಾಯಿದೆಯ ಸಂಖ್ಯೆಯಲ್ಲಿ 1963, ಜಾರಿಗೆ ಬಂದದ್ದು 1965! ಇದರ 14ನೆಯ ಕಲಮು ಇಂಗ್ಲೆಂಡಿನ ಮಾತನ್ನೇ ಬಹುಮಟ್ಟಿಗೆ ಅನುಸರಿಸುತ್ತದೆ. ಒಳಾಂಗಣದಲ್ಲಷ್ಟೇ ಮಾಡುವ ದುರಸ್ತಿಗೆ ವಿನಾಯಿತಿ ಉಂಟು. ಜನ ಎಡವುವುದು ಇಲ್ಲೇ. ವಿನಾಯಿತಿ ಇರುವುದು ಕೆಲಸಕ್ಕೆ, ಬಳಕೆಯ ಬದಲಾವಣೆಗಲ್ಲ.

ಇನ್ನೊಂದು ವಿನಾಯಿತಿ ನಮ್ಮ ಕಡೆಗೆಂದೇ ಬರೆದಂತಿದೆ. ಒಂದು ಕೆಲಸಕ್ಕೆ ಬಳಸುವ ಜಾಗವನ್ನು ಮೊದಲಿನಿಂದಲೂ ಆಗೊಮ್ಮೆ ಈಗೊಮ್ಮೆ ಬೇರೊಂದಕ್ಕೂ ಬಳಸುತ್ತಿದ್ದರೆ, ಅಂಥ ಸಂದರ್ಭಗಳ ಬಳಕೆ ಬದಲಾವಣೆ ಎನಿಸದು. ಗಾಣಗಾಪುರದ ದತ್ತ ಜಯಂತಿಗೋ ಆಳಂದದ ಉರುಸಿಗೋ ಹಿಂದಿನಿಂದಲೂ ಅಂಗಡಿ ಹಾಕಲು ಬಿಟ್ಟುಕೊಡುವ ಬಯಲನ್ನು ನೆನೆಯಿರಿ. ಅದೇ ಬಯಲಲ್ಲಿ ವರ್ಷವಿಡೀ ಅಂಗಡಿ ನಡೆದರೆ ಮಾತು ಬೇರೆ.

ಕಾನೂನು ಇಷ್ಟು ಬಿಗಿ ಏಕೆ? ತೊಗರಿಯನ್ನೇ ತೂಗಿ ನೋಡಿ. ಭಾರತೀಯ ಮಾನಕ 875ರ ಎರಡನೆಯ ಭಾಗದ (1987) ಪ್ರಕಾರ ವಾಸದ ಕೋಣೆಯ ನೆಲವನ್ನು ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋಗ್ರಾಂ ಭಾರಕ್ಕೆ ವಿನ್ಯಾಸ ಮಾಡುತ್ತಾರೆ. 50 ಕಿಲೋ ಚೀಲವೊಂದು ಸುಮಾರು ಅರ್ಧ ಚದರ ಮೀಟರ್ ಜಾಗ ಹಿಡಿಯುತ್ತದೆ. ಆರು ಚೀಲಗಳನ್ನು ಒಂದರ ಮೇಲೊಂದು ಇಟ್ಟರೆ ಚದರ ಮೀಟರಿಗೆ 600 ಕಿಲೋ, ಅಂದರೆ ಮೂರು ಪಟ್ಟು. ಮರದ ತೊಲೆಯ ಹಳೆಯ ಮಾಳಿಗೆ ಮನೆಗಳನ್ನು ಇಂಥ ಲೆಕ್ಕ ಹಾಕಿ ಕಟ್ಟಿದ್ದೇ ಅಲ್ಲ.

ಯೋಜನಾ ಪ್ರದೇಶದ ಹೊರಗಿದ್ದರೂ ನಿಯಮ ತಪ್ಪದು. ಊರನ್ನು ನೋಡಿಕೊಂಡು 1964ರ ಪುರಸಭೆಗಳ ಕಾಯಿದೆ ಅಥವಾ 1993ರ ಪಂಚಾಯತ್ ರಾಜ್ ಕಾಯಿದೆ ಅನ್ವಯಿಸುತ್ತದೆ. ಹೊಲದ ಜಮೀನಾದರೆ ಭೂಕಂದಾಯ ಕಾಯಿದೆಯ 95ನೆಯ ಕಲಮು. ಅರ್ಜಿ ಬರೆಯುವ ಮೊದಲು ಎಂಜಿನಿಯರೊಬ್ಬರನ್ನು ಮಹಡಿಗೆ ಕರೆದೊಯ್ದು, ತೊಲೆಗಳನ್ನು ತೋರಿಸಿ.