ಲಿನಕ್ಸ್ ತನ್ನ ತವರಮನಿ ಬಿಟ್ಟ ಕಥಿ

ಅಕ್ಕಾರ, ವೈನ್ಯಾರ, ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಎಷ್ಟೋ ಮನ್ಯಾಗ ಹಳೇ ಕಂಪ್ಯೂಟರ್ ಒಂದು ಮೂಲ್ಯಾಗ ಕುಂತಿರತೈತಿ, ಮ್ಯಾಲೊಂದು ಹಳೇ ಸೀರಿ ಹೊಚ್ಚಿರತೇವಿ. "ಚಾಲೂ ಐತಲ್ಲ, ಮತ್ತ ಹೊಸಾದು ಯಾಕ?" ಅಂತ ಕೇಳತೇವಿ. ನಮ್ಮ ಮಹಿಳಾ ಸಂಘದ ಹಳೇ ಲೆಕ್ಕ ಇಂಥಾದ ಒಂದು ಮಷಿನಿನ್ಯಾಗ ಐತಿ. ಅದಕ್ಕ ನಾ ಈ ಇತಿಹಾಸ ಹುಡುಕಿ ಓದಿದೆ.

ಲಿನಕ್ಸ್ ಅಂದ್ರ ಕಂಪ್ಯೂಟರ್ ನಡಸೋ ಮೂಲ ಸಾಫ್ಟ್‌ವೇರ್. ಯಾರು ಬೇಕಾದ್ರೂ ಪುಕ್ಕಟ ತಗೋಬಹುದು, ತಿದ್ದಬಹುದು. ನಮ್ಮ ಕೈಯಾಗಿನ ಆಂಡ್ರಾಯ್ಡ್ ಫೋನಿನ ಒಳಗೂ ಅದ ಐತಿ. ಕಾಸರಗೋಡಿನ ಕನ್ನಡ ಶಾಲಿ ಹುಡುಗ್ರು ಕಂಪ್ಯೂಟರ್ ಕಲಿಯೂದೂ ಅದರ ಮ್ಯಾಲ.

1991ರಾಗ ಫಿನ್ಲೆಂಡಿನ ಹೆಲ್ಸಿಂಕಿ ಊರಾಗ ಲಿನಸ್ ಟೊರ್ವಾಲ್ಡ್ಸ್ ಅನ್ನೋ ವಿದ್ಯಾರ್ಥಿ ಇದನ್ನ ತನ್ನ ಸ್ವಂತ ಕಂಪ್ಯೂಟರಿನ್ಯಾಗ ಬರದ. ಅದರ ಚಿಪ್ಪು ಇಂಟೆಲ್ ಕಂಪನಿ 1985ರಾಗ ತಂದ 386. ಅಂದ್ರ 386 ಲಿನಕ್ಸಿಗೆ ತವರಮನಿ ಇದ್ದಂಗ.

2012ರ ಡಿಸೆಂಬರದಾಗ ಆ ತವರಿನ ಬಾಗಲಾ ಮುಚ್ಚಿತು. ಇಂಗೋ ಮೊಲ್ನಾರ್ ಅನ್ನಾವ್ರು 386ಕ್ಕಂತ ಇದ್ದ ಕೋಡ್ ತಗದ್ರು, ಲಿನಸ್ ಒಪ್ಪಿಕೊಂಡ್ರು. 2013ರ ಫೆಬ್ರುವರಿಯೊಳಗ ಬಂದ 3.8ನೇ ಆವೃತ್ತಿ 386ರ ಮ್ಯಾಲ ನಡೀಲಿಲ್ಲ.

ಯಾಕ ಅಂದ್ರ, 386ಕ್ಕ ಒಂದು ಮುಖ್ಯ ಕೆಲಸ ಬರತಿದ್ದಿಲ್ಲ. ಮೆಮೊರಿಯೊಳಗಿನ ಒಂದು ಅಂಕಿ ಮೊದಲಿನಂಗ ಐತೇನು ನೋಡಿ, ಇದ್ರಷ್ಟ ಬದಲ ಮಾಡೂದು, ನಡುವ ಬ್ಯಾರೆ ಯಾರೂ ಕೈ ಹಾಕದಂಗ. 1989ರಾಗ ಬಂದ 486 ಅದನ್ನ ಕಲ್ತ ಬಂತು. ಹಿಂಗಾಗಿ ಲಿನಕ್ಸಿನ ಈ ಭಾಗದಾಗ ಏನರೆ ಬದಲ ಮಾಡೂಮುಂದ 386ರ ಸಲುವಾಗಿ ಬ್ಯಾರೆ ದಾರಿ ಹುಡುಕಬೇಕಾಗತಿತ್ತು. ಇಂಟೆಲ್ ಕಂಪನೀನ 2007ರಾಗ ಆ ಚಿಪ್ಪು ಮಾಡೂದು ನಿಲ್ಲಿಸಿತ್ತು. ಬಳಸವ್ರು ಕಡಿಮಿ, ದುಡಿಮಿ ಮಾತ್ರ ಅಷ್ಟ.

ಹಂಗಂತ ಹಳೇದೆಲ್ಲಾ ಹೋಗತೈತಿ ಅಂತಲ್ಲ. 2019ರಾಗ ಫ್ಲಾಪಿ ನಡಸೋ ಕೋಡ್ ನೋಡಿಕೊಳ್ಳಾವ್ರು ಯಾರೂ ಇಲ್ಲದ "ಅನಾಥ" ಅಂತ ಬರಸಿಕೊಂಡಿತ್ತು. ಮುಂದ ಒಬ್ಬರು ನಾ ನೋಡಕೋತೇನಿ ಅಂತ ಬಂದ್ರು, ಕೋಡ್ ಉಳೀತು. ನಮ್ಮ ಬೀಸೂಕಲ್ಲಿನ ಕಥೀನೂ ಇದ ಅಲ್ಲೇನ್ರಿ? ಕಲ್ಲು ಸವದಿದ್ದಕ್ಕ ಮೂಲಿ ಸೇರಲಿಲ್ಲ, ಉಳಿ ಹಿಡಕೊಂಡು ಕಚ್ಚು ಹಾಕಾವ್ರು ಬರೂದು ನಿಂತಿದ್ದಕ್ಕ ಸೇರಿತು. ವಯಸ್ಸಿಗಿಂತಾ ಸಾಕಾವ್ರು ಇದ್ದಾರೋ ಇಲ್ಲೋ ಅನ್ನೂದ ದೊಡ್ಡದು.

ಈ ಕೆಲಸ ಇನ್ನೂ ನಡದೈತಿ. 2025ರಾಗ 486ರ ಕೋಡನ್ನೂ ತಗಿಯೂ ಮಾತು ಎದ್ದಿತು. ಲಿನಕ್ಸಿನ ದೊಡ್ಡ ಬಳಗದಾಗ ಒಂದಾದ ಡೆಬಿಯನ್, ಅದ ವರ್ಷ ಆಗಸ್ಟದಾಗ ತಂದ 13ನೇ ಆವೃತ್ತಿಯೊಳಗ, 32 ಬಿಟ್ಟಿನ ಹಳೇ ಪಿಸಿಗೆ ಹೊಸದಾಗಿ ಹಾಕಿಕೊಳ್ಳೋ ಅನುಕೂಲ ತಗದೈತಿ.

ಕೋಡ್ ತಗದ್ರು ಅಂತ ಮನ್ಯಾಗಿನ ಮಷಿನ್ ಅವತ್ತ ಬಂದ್ ಬೀಳಂಗಿಲ್ಲ. ಒಳಗಿರೋ ಹಳೇ ಆವೃತ್ತಿ ನಡೀತಿರತೈತಿ. ಆದ್ರ ಅದಕ್ಕ ರಿಪೇರಿ ಬರೂದು ನಿಂತಮ್ಯಾಲ, ಚಿಲಕ ಮುರದ ಬಾಗಲದಂಗ ಆಗತೈತಿ. ಅದಕ್ಕ ಅಂಥಾ ಮಷಿನಿನ್ಯಾಗ ಸಂಘದ ಲೆಕ್ಕ, ಮದವಿ ಫೋಟೋ ಇದ್ರ ಇವತ್ತ ಪೆನ್‌ಡ್ರೈವಿಗೆ ತಗದಿಡ್ರಿ. ಬ್ಯಾಂಕಿನ ಪಾಸ್‌ವರ್ಡ್ ಅದರಾಗ ಹೊಡೀಬ್ಯಾಡ್ರಿ. ನೆಟ್ ತಗದು, ಮಕ್ಕಳಿಗೆ ಕನ್ನಡ ಟೈಪಿಂಗ್ ಕಲಸಾಕ ಇಡ್ರಿ. ಅಷ್ಟಕ್ಕ ಅದು ಇನ್ನೂ ಗಟ್ಟಿ ಐತಿ.