ಬೀರುವಿನಲ್ಲಿ ಸಿಕ್ಕ ಐದು ಕ್ಯಾಸೆಟ್ಟುಗಳು

ಸುವರ್ಣ ಮಹೋತ್ಸವ ಸಮಿತಿಯ ಮೊದಲ ಸಭೆಯಲ್ಲಿ ಶಾಲೆಯ ಹಳೆಯ ದಾಖಲೆಗಳನ್ನು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ನಿವೃತ್ತ ಮೇಷ್ಟರಿಗೆ ಬೇರೆ ಕೆಲಸವಿಲ್ಲವೆಂಬುದು ಎಲ್ಲರಿಗೂ ಗೊತ್ತು. ದಾಖಲಾತಿ ರಿಜಿಸ್ಟರು, ಹಾಜರಿ ಪುಸ್ತಕ, ಒಂದಷ್ಟು ಗ್ರೂಪ್ ಫೋಟೋ ಸುಲಭವಾಗಿ ಸಿಕ್ಕವು. ಪ್ರಯೋಗಾಲಯದ ಕಬ್ಬಿಣದ ಬೀರುವಿನ ಕೆಳಗಿನ ಖಾನೆಯಲ್ಲಿ, ಒಡೆದ ಗ್ಲೋಬಿನ ಹಿಂದೆ, ಐದು ವಿಡಿಯೋ ಕ್ಯಾಸೆಟ್ಟುಗಳೂ ಇದ್ದವು. ಮೂರರ ಮೇಲೆ ‘ವಾರ್ಷಿಕೋತ್ಸವ’ ಎಂದಷ್ಟೇ ಬರೆದಿತ್ತು. ಉಳಿದೆರಡು ಬೆಳ್ಳಿಹಬ್ಬದ ಭಾಗ 1 ಮತ್ತು ಭಾಗ 2.

ಈಗಿನ ಮಕ್ಕಳು ಇವನ್ನು ಕಂಡಿರಲಾರರು. ವಿ.ಎಚ್.ಎಸ್. ಎಂಬ ಈ ಬಗೆಯ ಕ್ಯಾಸೆಟ್ಟನ್ನು ಜಪಾನಿನ ಜೆ.ವಿ.ಸಿ. ಕಂಪನಿ 1976ರಲ್ಲಿ ಮಾರುಕಟ್ಟೆಗೆ ತಂದಿತು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಮರುವರ್ಷ ದೆಹಲಿಯ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಟೀವಿಗೆ ಬಣ್ಣ ಬಂತು. ಅದರ ಹಿಂದೆಯೇ ವಿಡಿಯೋ ಬಂತು. ಗಣೇಶನ ಹಬ್ಬಕ್ಕೆ ಊರಿನವರು ಚಂದಾ ಎತ್ತಿ, ಪೇಟೆಯಿಂದ ಟೀವಿಯನ್ನೂ ವಿ.ಸಿ.ಪಿ.ಯನ್ನೂ ಬಾಡಿಗೆಗೆ ತಂದು, ರಾತ್ರಿಯೆಲ್ಲ ಮೂರು ಸಿನಿಮಾ ನೋಡುತ್ತಿದ್ದರು. ಮೂರನೆಯದು ಮುಗಿಯುವ ಹೊತ್ತಿಗೆ ಎದ್ದಿರುತ್ತಿದ್ದವರು ಬಾಡಿಗೆಯವನೊಬ್ಬನೇ.

ಬೆಳ್ಳಿಹಬ್ಬಕ್ಕೆ ಬಂದ ವಿಡಿಯೋದವರು ಮದುವೆಗಳಿಗೆ ಹೋಗುತ್ತಿದ್ದವರೇ. ಹೆಗಲ ಮೇಲೆ ದೊಡ್ಡ ಕ್ಯಾಮರಾ, ಪಕ್ಕದಲ್ಲಿ ಕಣ್ಣು ಕುಕ್ಕುವ ಲೈಟು ಹಿಡಿದ ಹುಡುಗ. ಆದ್ದರಿಂದ ಆ ಚಿತ್ರದಲ್ಲಿ ಅತಿಥಿಗಳಾದಿಯಾಗಿ ನಾವೆಲ್ಲರೂ ಕಣ್ಣು ಕಿರಿದು ಮಾಡಿಕೊಂಡೇ ಇದ್ದೇವೆ.

ಕ್ಯಾಸೆಟ್ಟಿನ ಒಳಗಿರುವುದು ಅರ್ಧ ಅಂಗುಲ ಅಗಲದ ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಅಂಟಿನಿಂದ ಹಿಡಿದಿರುವ ಕಾಂತೀಯ ಪುಡಿಯಲ್ಲಿ ಚಿತ್ರವೂ ಧ್ವನಿಯೂ ಇರುತ್ತವೆ. ತೇವಕ್ಕೆ ಅಂಟು ಸಡಿಲವಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಪಟ್ಟಿ ಚೆನ್ನಾಗಿದ್ದರೂ ಅದನ್ನು ಓಡಿಸುವ ಯಂತ್ರ ಬೇಕಲ್ಲ! ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನೈ, 2016ರಲ್ಲಿ ಅದನ್ನು ನಿಲ್ಲಿಸಿತು. 2019ರಲ್ಲಿ ಯುನೆಸ್ಕೋ ಸಂಸ್ಥೆ ಜಗತ್ತಿನ ಟೇಪ್ ಸಂಗ್ರಹಗಳ ಬಗ್ಗೆ ಒಂದು ಎಚ್ಚರಿಕೆ ಕೊಟ್ಟಿತು. ಅದು ಕೊಟ್ಟ ಗಡುವು 2025ರ ಆಸುಪಾಸು. ಇದು ನಮ್ಮಂಥ ಸಣ್ಣವರ ಚಿಂತೆಯಷ್ಟೇ ಅಲ್ಲ. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ.

ನಾನು ಮೊದಲು ಒಂದು ತಪ್ಪು ಮಾಡಿದೆ. ವಾರ್ಷಿಕೋತ್ಸವದ ಒಂದು ಕ್ಯಾಸೆಟ್ಟನ್ನು ಪೇಟೆಯ ಅಂಗಡಿಯೊಂದಕ್ಕೆ ಕೊಟ್ಟೆ. ಕಿಟಕಿಯಂಥ ಜಾಗದಲ್ಲಿ ಬಿಳಿ ಬೂಷ್ಟು ಕಾಣುತ್ತಿದ್ದರೂ ಅವರು ಹಾಗೆಯೇ ಯಂತ್ರಕ್ಕೆ ಹಾಕಿದರು. ಪಟ್ಟಿ ಸುತ್ತಿಕೊಂಡು ಹರಿಯಿತು. ಹುಡುಗಿಯರ ಕೋಲಾಟದ ಅರ್ಧ ಭಾಗ ಅಲ್ಲಿಗೆ ಹೋಯಿತು. ಆಮೇಲೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ, ಮನೆಯಲ್ಲಿ ಇನ್ನೂ ಒಂದು ವಿ.ಸಿ.ಆರ್. ಇಟ್ಟುಕೊಂಡಿದ್ದವನು, ಈ ಕೆಲಸಕ್ಕೆ ಕೈ ಹಾಕಿದ. ಕ್ಯಾಸೆಟ್ಟುಗಳನ್ನು ಕೆಲವು ದಿನ ಒಣ ಕೋಣೆಯಲ್ಲಿಟ್ಟ. ಸ್ಕ್ರೂ ಬಿಚ್ಚಿ, ಬೂಷ್ಟನ್ನು ಮೆತ್ತನೆ ಬಟ್ಟೆಯಿಂದ ಒರೆಸಿ, ಒಮ್ಮೆ ಮುಂದಕ್ಕೆ ಒಮ್ಮೆ ಹಿಂದಕ್ಕೆ ಸುತ್ತಿದ. ಪ್ರತಿ ಕ್ಯಾಸೆಟ್ಟಿಗೂ ಯಂತ್ರದ ಹೆಡ್ಡು ಒರೆಸಿದ. ವಿ.ಸಿ.ಆರ್.ನಿಂದ ಕಂಪ್ಯೂಟರಿಗೆ ತಂತಿ ಎಳೆದ. ಇದರಲ್ಲಿ ಅವಸರ ನಡೆಯುವುದಿಲ್ಲ. ಮೂರು ಗಂಟೆಯ ಕ್ಯಾಸೆಟ್ಟು ನಕಲಾಗಲು ಮೂರು ಗಂಟೆಯೇ ಬೇಕು. ನಾನು ಪಕ್ಕದಲ್ಲಿ ಕುಳಿತು ಎಲ್ಲವನ್ನೂ ನೋಡಿದೆ.

ಬೆಳ್ಳಿಹಬ್ಬದ ಎರಡನೆಯ ಭಾಗ ಹಾಕಿದಾಗ ಬಂದದ್ದು ಕ್ರಿಕೆಟ್ ಪಂದ್ಯ! ಕ್ಯಾಸೆಟ್ಟಿನ ಅಂಚಿನಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಚೂರು ಇರುತ್ತದೆ. ಅದನ್ನು ಮುರಿದರೆ ಮತ್ತೆ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ. ವಿಡಿಯೋದವರು ಮುರಿದಿದ್ದರು. ಯಾರೋ ಮನೆಗೆ ಒಯ್ದವರು ಆ ಜಾಗಕ್ಕೆ ಸೆಲ್ಲೋಟೇಪ್ ಅಂಟಿಸಿ ಪಂದ್ಯ ತುಂಬಿಸಿಕೊಂಡಿದ್ದರು. ಶಾಲೆಗೆ ಜಾಗ ಕೊಟ್ಟ ಹಿರಿಯರ ಭಾಷಣ, ನಾಟಕ, ಎಲ್ಲವೂ ಅದರಡಿ ಅಳಿಸಿಹೋಗಿವೆ. ತೆಗೆದುಬಿಡೋಣ ಎಂದೆ. “ಪೂರ್ತಿ ಓಡಲಿ ಸಾರ್, ಕೊನೇಲಿ ಏನಾದ್ರೂ ಉಳಿದಿರುತ್ತೆ” ಅಂದ ಹುಡುಗ. ಪಂದ್ಯ ಮುಗಿದು ಪರದೆಯ ತುಂಬ ಚುಕ್ಕೆಗಳು ಬಂದವು. ಆಮೇಲೆ ನಮ್ಮ ಶಾಲೆಯ ಅಂಗಳ ಕಂಡಿತು.

ಉಳಿದಿದ್ದದ್ದು ಸುಮಾರು ಹತ್ತು ನಿಮಿಷ. ವೇದಿಕೆ ಖಾಲಿಯಾಗಿದೆ, ಊಟ ನಡೆದಿದೆ. ವಿಡಿಯೋದವರು ನಮ್ಮ ಮೊದಲ ಅಟೆಂಡರನ್ನು ಮಾತನಾಡಿಸುತ್ತಿದ್ದಾರೆ. ಹಳೆಯ ವಿದ್ಯಾರ್ಥಿಗಳಿಗೆ ಅವರ ಹೆಸರು ಹೇಳಬೇಕಾಗಿಲ್ಲ, ಗಂಟೆ ಎಂದರೆ ಅವರೇ. ಕಟ್ಟಡ ಕಟ್ಟಿದ್ದು ಯಾರು ಎಂದು ಕೇಳಿದ್ದಕ್ಕೆ ಅವರು ಹೇಳುತ್ತಾರೆ: “ಕಲ್ಲಿನ ಮೇಲೆ ಹೆಸರಿರೋರು ಜಾಗ ಕೊಟ್ರು, ಕಾಸು ಕೊಟ್ರು, ಅದು ದೊಡ್ಡದೇ. ಪಾಯ ತೋಡಿದೋರು ಕೆಳಗಿನ ಕೇರಿ ಹೆಣ್ಮಕ್ಳು ಸ್ವಾಮಿ. ಸುಗ್ಗಿ ಮುಗ್ದಿತ್ತು, ಕೂಲಿ ಕೇಳ್ಲಿಲ್ಲ. ಅವರ ಮಕ್ಳು ಮಾತ್ರ ಮೊದಲ್ನೇ ವರ್ಷ ಒಬ್ರೂ ಸೇರ್ಲಿಲ್ಲ.”

ನಾನು ಈ ಶಾಲೆಯಲ್ಲಿ ಇಷ್ಟು ವರ್ಷ ಪಾಠ ಮಾಡಿದರೂ ಈ ಮಾತು ಕೇಳಿರಲಿಲ್ಲ. ಬೆಳ್ಳಿಹಬ್ಬದ ಸಂಚಿಕೆಯಲ್ಲೂ ಇದಿಲ್ಲ. ಒಬ್ಬರ ಮಾತನ್ನೇ ನಂಬಬಾರದೆಂದು ದಾಖಲಾತಿ ರಿಜಿಸ್ಟರು ತೆಗೆದೆ. ಮೊದಲ ವರ್ಷ ಕೆಳಗಿನ ಕೇರಿಯ ಹೆಸರು ಒಂದೂ ಇಲ್ಲ. ಎರಡನೆಯ ವರ್ಷವೂ ಇಲ್ಲ. ಮೂರನೆಯ ವರ್ಷ ಇಬ್ಬರು ಹುಡುಗರು. ಪಾಯ ತೋಡಿದವರಲ್ಲಿ ಈಗ ಉಳಿದಿರುವವರು ಇಬ್ಬರೇ ಅಜ್ಜಿಯರು. ಲ್ಯಾಪ್‌ಟಾಪ್ ಒಯ್ದು ಅವರ ಜಗಲಿಯಲ್ಲಿ ತೋರಿಸಿದೆವು. ಒಬ್ಬರು ಬಹಳ ಹೊತ್ತು ಮಾತಾಡಲಿಲ್ಲ. ಇನ್ನೊಬ್ಬರು, ಅಟೆಂಡರು ಹೇಳಿದ್ದರಲ್ಲಿ ಒಂದು ತಪ್ಪಿದೆ ಎಂದರು: ಗಂಡಸರೂ ಬಂದಿದ್ದರಂತೆ, ರಾತ್ರಿ ಹೊತ್ತು, ಗದ್ದೆ ಕೆಲಸ ಮುಗಿಸಿಕೊಂಡು. ಅಲ್ಲಿದ್ದ ಹದಿನಾರು ಜನರ ಹೆಸರು ಹೇಳಿದರು. ಆ ಹೆಸರುಗಳನ್ನು ಶಾಲೆಯ ಇತಿಹಾಸದ ಪುಟದಲ್ಲಿ ಅಚ್ಚು ಮಾಡಲು ಸಮಿತಿ ಒಪ್ಪಿದೆ. ಕಲ್ಲಿನ ವಿಷಯ ಇನ್ನೂ ಚರ್ಚೆಯಲ್ಲಿದೆ. ಬೇಗ ತೀರ್ಮಾನವಾಗಲಿ ಎಂಬುದು ನನ್ನ ಆಸೆ.

ಹರಿದುಹೋದ ಭಾಗ ಬಿಟ್ಟು ಐದು ಕ್ಯಾಸೆಟ್ಟಿನಲ್ಲಿ ಉಳಿದದ್ದೆಲ್ಲ ಈಗ ಡಿ.ವಿ.ಡಿ.ಗಳಲ್ಲಿದೆ. ಒಂದು ಸಾಧಾರಣ ಡಿಸ್ಕಿನಲ್ಲಿ 4.7 ಗಿಗಾಬೈಟ್, ಅಂದರೆ ಒಳ್ಳೆಯ ಗುಣಮಟ್ಟದಲ್ಲಿ ಸುಮಾರು ಎರಡು ಗಂಟೆಯಷ್ಟು ಹಿಡಿಯುತ್ತದೆ. ಮನೆಯಲ್ಲಿ ಬರೆದ ಡಿಸ್ಕುಗಳೂ ಬಿಸಿಲು, ಗೀರು, ಕಾಲ ಇವುಗಳಿಂದ ಕೆಡುತ್ತವೆ, ಹೊಸ ಕಂಪ್ಯೂಟರುಗಳಲ್ಲಿ ಅದನ್ನು ಹಾಕುವ ಜಾಗವೇ ಇರುವುದಿಲ್ಲ. ಹಾಗಾಗಿ ಎರಡು ಹಾರ್ಡ್ ಡಿಸ್ಕಿನಲ್ಲೂ ಪ್ರತಿ ಇಟ್ಟಿದ್ದೇವೆ. ಒಂದು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿದೆ, ಇನ್ನೊಂದು ಗ್ರಂಥಾಲಯದಲ್ಲಿ. ಮೂಲ ಕ್ಯಾಸೆಟ್ಟುಗಳನ್ನು ಎಸೆದಿಲ್ಲ.

ಚಿತ್ರದಲ್ಲಿರುವ ಎಷ್ಟೋ ಮುಖಗಳು ನಮಗೆ ಗುರುತು ಸಿಕ್ಕಿಲ್ಲ. ಮಹೋತ್ಸವದ ಮೂರೂ ದಿನ ಹತ್ತನೇ ತರಗತಿ ‘ಬಿ’ ವಿಭಾಗದ ಕೋಣೆಯಲ್ಲಿ ಪ್ರದರ್ಶನವಿದೆ. ಪಕ್ಕದಲ್ಲೇ ಒಂದು ನೋಟ್‌ಬುಕ್ ಇಟ್ಟಿರುತ್ತೇವೆ. ಗುರುತು ಸಿಕ್ಕವರ ಹೆಸರನ್ನೂ, ಯಾವ ವರ್ಷ ಓದಿದವರೆಂಬುದನ್ನೂ ಅದರಲ್ಲಿ ಬರೆಯಿರಿ. ಪಂದ್ಯ ತುಂಬಿಸಿಕೊಂಡವರು ಬಂದರೆ ಅವರೂ ಬರೆಯಬಹುದು, ಬೈಯುವುದಿಲ್ಲ.